ಕೀನ್ಯಾದ ಜನ ಸರ್ಕಾರಕ್ಕೆ ಅಂಕ ಕೊಡುವ ಬಗೆ

ನೈರೋಬಿಗೆ ಕೆಲಸಕ್ಕೆ ಬಂದ ಕನ್ನಡಿಗರು ಮೊದಲ ಸಂಬಳದ ಚೀಟಿ ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಇಷ್ಟೊಂದು ಕಡಿತ ಏಕೆ? ಆದಾಯ ತೆರಿಗೆಯ ಕೆಳಗೆ ಇನ್ನೂ ಮೂರು ಸಾಲುಗಳಿರುತ್ತವೆ. ಒಂದು ಪಿಂಚಣಿ ನಿಧಿಯಾದ ಎನ್‌ಎಸ್‌ಎಸ್‌ಎಫ್. ಇನ್ನೊಂದು ಆರೋಗ್ಯ ವಿಮೆ, ಒಟ್ಟು ಸಂಬಳದ ಶೇ 2.75. ಮತ್ತೊಂದು ವಸತಿ ಸುಂಕ, ಶೇ 1.5; ಅಷ್ಟೇ ಮೊತ್ತವನ್ನು ಕೆಲಸ ಕೊಟ್ಟವರೂ ತಮ್ಮ ಕೈಯಿಂದ ಕಟ್ಟಬೇಕು. ಪಕ್ಕದ ಮೇಜಿನ ಕೀನ್ಯಾದ ಸಹೋದ್ಯೋಗಿಯನ್ನು ಈ ಬಗ್ಗೆ ಕೇಳಿ ನೋಡಿ, ಚಹಾ ಆರುವವರೆಗೂ ಮಾತು ನಿಲ್ಲುವುದಿಲ್ಲ. ಆ ಸಿಟ್ಟನ್ನು ಕೇಳಿದ ಹೊಸಬರು ‘ಜನ ಈ ಸರ್ಕಾರವನ್ನು ಕೈಬಿಟ್ಟಿದ್ದಾರೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಅದೇ ಸಹೋದ್ಯೋಗಿ ಊರಿಗೆ ಹಾಕಿದ ಹೊಸ ರಸ್ತೆಯನ್ನೋ ರೈತನಾದ ಅಣ್ಣನಿಗೆ ಸಿಕ್ಕ ರಿಯಾಯಿತಿ ಗೊಬ್ಬರವನ್ನೋ ಮೆಚ್ಚಿ ಮಾತನಾಡಿದಾಗ ಗೊಂದಲಕ್ಕೆ ಬೀಳುತ್ತಾರೆ.

ಗೊಂದಲಕ್ಕೆ ಕಾರಣವಿಲ್ಲ. ಇಲ್ಲಿನ ಜನ ಸರ್ಕಾರವನ್ನು ಇಡಿಯಾಗಿ ತೂಗುವುದಕ್ಕಿಂತ ಬಾಬ್ತು ಬಾಬ್ತಾಗಿ ತೂಗುತ್ತಾರೆ. ಬೆಲೆ ಬೇರೆ, ರಸ್ತೆ ಬೇರೆ, ಶಾಲೆ ಬೇರೆ, ಭ್ರಷ್ಟಾಚಾರ ಬೇರೆ. ಜೊತೆಗೆ ಕೀನ್ಯಾದಲ್ಲಿ ‘ಸರ್ಕಾರ’ ಎಂದರೆ ಒಂದಲ್ಲ, ಎರಡು. ಈ ಎರಡು ಸಂಗತಿಗಳನ್ನು ತಿಳಿದುಕೊಳ್ಳದೆ ಇಲ್ಲಿನ ಪತ್ರಿಕೆ ಓದುವುದೂ ಕಷ್ಟ, ನೆರೆಯವರ ಮಾತಿನ ಮರ್ಮ ಹಿಡಿಯುವುದೂ ಕಷ್ಟ.

ಮೊದಲು ಎರಡು ಸರ್ಕಾರಗಳ ವಿಷಯ. 2010ರ ಆಗಸ್ಟ್ 27ರಂದು ಜಾರಿಗೆ ಬಂದ ಸಂವಿಧಾನ ದೇಶವನ್ನು 47 ಕೌಂಟಿಗಳಾಗಿ ವಿಂಗಡಿಸಿತು. ಪ್ರತಿ ಕೌಂಟಿಗೂ ಜನರಿಂದ ನೇರವಾಗಿ ಆಯ್ಕೆಯಾದ ಗವರ್ನರ್, ತನ್ನದೇ ಆದ ಶಾಸನಸಭೆ, ತನ್ನದೇ ಆದ ಬಜೆಟ್. ನಮ್ಮ ಜಿಲ್ಲಾ ಪಂಚಾಯಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೌಂಟಿಯನ್ನು ಅಳೆಯಬೇಡಿ. ರಾಷ್ಟ್ರೀಯ ಸರ್ಕಾರ ಸಂಗ್ರಹಿಸುವ ಆದಾಯದಲ್ಲಿ ಕನಿಷ್ಠ ಶೇ 15ರಷ್ಟು ಕೌಂಟಿಗಳಿಗೆ ಹೋಗಬೇಕೆಂದು ಸಂವಿಧಾನವೇ ಬರೆದಿಟ್ಟಿದೆ. ಕೆಲಸಗಳ ಹಂಚಿಕೆ ಸಂವಿಧಾನದ ನಾಲ್ಕನೆಯ ಅನುಸೂಚಿಯಲ್ಲಿದೆ. ಕೌಂಟಿ ಆಸ್ಪತ್ರೆ, ಅಂಗನವಾಡಿ ವಯಸ್ಸಿನ ಮಕ್ಕಳ ಶಿಕ್ಷಣ, ಕಸ ವಿಲೇವಾರಿ, ಮಾರುಕಟ್ಟೆ, ಕೃಷಿ ವಿಸ್ತರಣೆ, ಕೌಂಟಿಯ ರಸ್ತೆಗಳು ಗವರ್ನರ್ ಪಾಲಿಗೆ. ಪೊಲೀಸ್, ಪ್ರಾಥಮಿಕ ಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ ಶಿಕ್ಷಣ, ಹೆದ್ದಾರಿ, ಕೆನ್ಯಾಟ್ಟಾ ನ್ಯಾಷನಲ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳು ರಾಷ್ಟ್ರೀಯ ಸರ್ಕಾರದ ಪಾಲಿಗೆ.

ಕಾಗದದ ಮೇಲೆ ಇದು ಸ್ಪಷ್ಟವಾಗಿದೆ. ಬದುಕಿನಲ್ಲಿ ಅಷ್ಟು ಸ್ಪಷ್ಟವಿಲ್ಲ. ಕೌಂಟಿ ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿದ್ದರೆ ‘ನೈರೋಬಿಯಿಂದ ಹಣ ಬಂದಿಲ್ಲ’ ಎಂದು ಗವರ್ನರ್ ಕಡೆಯವರು ಹೇಳುತ್ತಾರೆ. ‘ಹಣ ಕೊಟ್ಟಾಗಿದೆ, ಕೌಂಟಿಯನ್ನು ಕೇಳಿ’ ಎಂದು ನೈರೋಬಿಯವರು ಹೇಳುತ್ತಾರೆ. ವೈದ್ಯರ ಮುಷ್ಕರಗಳು ವಾರಗಟ್ಟಲೆ ಎಳೆದದ್ದಕ್ಕೆ ಈ ಹಗ್ಗಜಗ್ಗಾಟವೂ ಒಂದು ಕಾರಣ. 2016ರ ಡಿಸೆಂಬರ್‌ನಲ್ಲಿ ಶುರುವಾದ ಮುಷ್ಕರ 100 ದಿನ ನಡೆಯಿತು. 2024ರಲ್ಲಿ ಮತ್ತೆ 56 ದಿನ. ಆದ್ದರಿಂದ ‘ಆರೋಗ್ಯ ಸೇವೆಯ ಬಗ್ಗೆ ಜನರಿಗೆ ಅತೃಪ್ತಿ’ ಎಂಬ ಸುದ್ದಿ ಓದಿದಾಗ ಆ ಅತೃಪ್ತಿ ಅಧ್ಯಕ್ಷರ ಮೇಲೋ ಗವರ್ನರ್ ಮೇಲೋ ಎಂದು ಕೇಳಿಕೊಳ್ಳಿ. ಇನ್ಫೋಟ್ರಾಕ್ ಸಂಸ್ಥೆ ಕೌಂಟಿ ಸರ್ಕಾರಗಳ ಸಾಧನೆಯನ್ನು ಬೇರೆಯಾಗಿಯೇ ಅಳೆದು ಪ್ರಕಟಿಸುತ್ತದೆ. ಗವರ್ನರ್‌ಗಳು ಅದರ ಪಟ್ಟಿಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂದರೆ, ಮೇಲಿನ ಸ್ಥಾನ ಸಿಕ್ಕರೆ ಫಲಕ ಹಾಕಿಸುತ್ತಾರೆ, ಕೆಳಗಿನ ಸ್ಥಾನ ಸಿಕ್ಕರೆ ಸಮೀಕ್ಷೆಯನ್ನೇ ಸುಳ್ಳೆನ್ನುತ್ತಾರೆ.

ಇನ್ನು ಅಳತೆ ನಡೆಯುವ ರೀತಿ. ಆಫ್ರಿಕಾ ಖಂಡದಲ್ಲಿ ಸಾರ್ವಜನಿಕ ಅಭಿಪ್ರಾಯದ ಬಗ್ಗೆ ಅತ್ಯಂತ ಶಿಸ್ತಿನ ಕೆಲಸ ಮಾಡುವುದು ಆಫ್ರೋಬ್ಯಾರೋಮೀಟರ್ ಎಂಬ ಜಾಲ. 1999ರಲ್ಲಿ ಶುರುವಾದ ಇದರ ಕೇಂದ್ರ ಕಚೇರಿ ಘಾನಾದ ಅಕ್ರಾದಲ್ಲಿದೆ. ಕೀನ್ಯಾದಲ್ಲಿ 2003ರಿಂದ ಸಮೀಕ್ಷೆ ಮಾಡುತ್ತಿದೆ. ಇಲ್ಲಿ ಅದರ ಜೊತೆಗಾರ ಸಂಸ್ಥೆ ನೈರೋಬಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ. 2,400 ಮಂದಿಯನ್ನು ಮುಖತಃ ಭೇಟಿಯಾಗಿ, ಅವರಿಗೆ ಹಿತವಾದ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಅಷ್ಟು ಕಡಿಮೆ ಜನರಿಂದ ಕೋಟಿಗಟ್ಟಲೆ ಜನರ ಮನಸ್ಸು ತಿಳಿಯುತ್ತದೆಯೇ ಎಂದು ನಮ್ಮವರು ಅನುಮಾನಿಸುವುದನ್ನು ಕೇಳಿದ್ದೇನೆ. ಆಯ್ಕೆ ಸರಿಯಾಗಿದ್ದರೆ ತಿಳಿಯುತ್ತದೆ. ತಪ್ಪು ಶೇ 2ರ ಆಚೀಚೆ ಇರುತ್ತದೆ. ಜನಸಂಖ್ಯೆಗೆ ಅನುಗುಣವಾಗಿ ಪ್ರದೇಶಗಳನ್ನು ಆರಿಸಿ, ಒಂದೊಂದು ಕಡೆ ಎಂಟು ಸಂದರ್ಶನ ನಡೆಸುತ್ತಾರೆ. ಒಂದು ಮನೆಯಲ್ಲಿ ಗಂಡಸನ್ನು ಮಾತನಾಡಿಸಿದರೆ ಮುಂದಿನದರಲ್ಲಿ ಹೆಂಗಸನ್ನು. ಮನೆಯಲ್ಲಿ ಯಾರು ಉತ್ತರಿಸಬೇಕು ಎಂಬುದನ್ನೂ ಲಾಟರಿಯಂತೆ ಆರಿಸುತ್ತಾರೆ, ಏಕೆಂದರೆ ಬಾಗಿಲು ತೆರೆದವರನ್ನೇ ಕೇಳುತ್ತ ಹೋದರೆ ಮನೆಯಲ್ಲಿರುವವರ ಅಭಿಪ್ರಾಯವಷ್ಟೇ ದಕ್ಕುತ್ತದೆ.

ಪ್ರಶ್ನೆಗಳ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ‘ಸರ್ಕಾರ ಚೆನ್ನಾಗಿದೆಯೇ’ ಎಂಬಲ್ಲಿಗೆ ಅವರು ನಿಲ್ಲುವುದಿಲ್ಲ. ಮೊದಲು, ಸರ್ಕಾರ ಕೈಗೆತ್ತಿಕೊಳ್ಳಬೇಕಾದ ಅತಿ ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳುತ್ತಾರೆ. ಪಟ್ಟಿ ಓದಿ ಹೇಳುವುದಿಲ್ಲ. ಜನ ತಾವಾಗಿಯೇ ಮೂರರವರೆಗೆ ಹೇಳಬಹುದು. ಆಮೇಲೆ ಉದ್ಯೋಗ ಸೃಷ್ಟಿ, ಬೆಲೆ ನಿಯಂತ್ರಣ, ಬಡವರ ಜೀವನಮಟ್ಟ, ಶಾಲೆ, ನೀರು, ವಿದ್ಯುತ್, ರಸ್ತೆ, ಅಪರಾಧ, ಭ್ರಷ್ಟಾಚಾರ ಹೀಗೆ ಒಂದೊಂದನ್ನೇ ಎತ್ತಿ, ಸರ್ಕಾರ ಇದನ್ನು ‘ತುಂಬಾ ಕೆಟ್ಟದಾಗಿ, ಸ್ವಲ್ಪ ಕೆಟ್ಟದಾಗಿ, ಸುಮಾರಾಗಿ ಚೆನ್ನಾಗಿ, ತುಂಬಾ ಚೆನ್ನಾಗಿ’ ಇವುಗಳಲ್ಲಿ ಹೇಗೆ ನಿಭಾಯಿಸುತ್ತಿದೆ ಎಂದು ಕೇಳುತ್ತಾರೆ. ಕಳೆದ ಒಂದು ವರ್ಷದಲ್ಲಿ ಊಟ, ಶುದ್ಧ ನೀರು, ಔಷಧಿ, ಅಡುಗೆಯ ಉರುವಲು, ಕೈಯಲ್ಲಿ ನಗದು ಇವಿಲ್ಲದೆ ನಿಮ್ಮ ಮನೆಯವರು ಎಷ್ಟು ಸಲ ಇದ್ದಿರಿ ಎಂದೂ ಕೇಳುತ್ತಾರೆ. ಸರ್ಕಾರದ ಅಂಕಿ ಅಂಶಗಳಲ್ಲಿ ಕಾಣದ ಬಡತನ ಇಲ್ಲಿ ಕಾಣುತ್ತದೆ. ಈ ಒಂದು ಪ್ರಶ್ನೆಗಾಗಿಯೇ ನನಗೆ ಈ ಸಮೀಕ್ಷೆಯ ಮೇಲೆ ಗೌರವವಿದೆ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ‘ನಮ್ಮನ್ನು ಯಾರು ಕಳುಹಿಸಿದ್ದಾರೆ ಎಂದು ನಿಮಗನ್ನಿಸುತ್ತದೆ?’ ಸಂದರ್ಶಕರು ಸ್ವತಂತ್ರ ಸಂಸ್ಥೆಯವರೆಂದು ಮೊದಲೇ ಹೇಳಿದ್ದರೂ ‘ಸರ್ಕಾರ’ ಎಂದು ಉತ್ತರಿಸುವವರು ಬಹಳ. ಸರ್ಕಾರದ ಕಡೆಯವರೆಂದು ಭಾವಿಸಿದವರು ಬಿಚ್ಚುಮನಸ್ಸಿನಿಂದ ಟೀಕಿಸುತ್ತಾರೆಯೇ? ಸಂಶೋಧಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಉತ್ತರಗಳನ್ನು ಓದುತ್ತಾರೆ. ನೀವೂ ಹಾಗೆಯೇ ಓದಿ. ಇನ್ನೊಂದು ವಿಷಯ ನೆನಪಿರಲಿ: ಇಲ್ಲಿ ಪ್ರಶ್ನೆ ಕೇಳುವುದು ವಯಸ್ಕ ನಾಗರಿಕರನ್ನು ಮಾತ್ರ. ಕೆಲಸದ ಪರವಾನಗಿ ಮೇಲಿರುವ ನಮ್ಮ ಅಭಿಪ್ರಾಯ ಈ ಅಂಕಿಗಳಲ್ಲಿ ಎಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ.

ಟಿಫಾ, ಇಪ್ಸೋಸ್, ಇನ್ಫೋಟ್ರಾಕ್ ಸಂಸ್ಥೆಗಳ ಸಮೀಕ್ಷೆಗಳು ಪದೇ ಪದೇ ಬರುತ್ತವೆ, ಟಿವಿಯಲ್ಲಿ ಹೆಚ್ಚು ಕಾಣಿಸುತ್ತವೆ. ಇವುಗಳಲ್ಲಿ ಹಲವು ಫೋನ್ ಮೂಲಕ ನಡೆಯುತ್ತವೆ. ದೇಶ ಸರಿದಾರಿಯಲ್ಲಿದೆಯೇ, ತಪ್ಪುದಾರಿಯಲ್ಲಿದೆಯೇ ಎಂಬ ಪ್ರಶ್ನೆ ಇವುಗಳಲ್ಲಿ ಸಾಮಾನ್ಯ. ಓದುವಾಗ ಎಷ್ಟು ಜನ, ಯಾವ ದಿನಾಂಕ, ಫೋನೋ ಮುಖತಃವೋ, ಹಣ ಕೊಟ್ಟವರು ಯಾರು ಎಂಬುದನ್ನು ಮೊದಲು ನೋಡಿ. 2022ರ ಅಧ್ಯಕ್ಷ ಚುನಾವಣೆಗೆ ಮುನ್ನ ಈ ಪ್ರಮುಖ ಸಂಸ್ಥೆಗಳ ಕೊನೆಯ ಸಮೀಕ್ಷೆಗಳಲ್ಲಿ ರೈಲಾ ಒಡಿಂಗಾ ಮುಂದಿದ್ದರು. ಗೆದ್ದವರು ಶೇ 50.49 ಮತ ಪಡೆದ ವಿಲಿಯಂ ರುಟೊ; ಒಡಿಂಗಾ ಅವರಿಗೆ ಸಿಕ್ಕಿದ್ದು ಶೇ 48.85. ಉತ್ತರಿಸಲು ಒಪ್ಪದವರು, ಇನ್ನೂ ತೀರ್ಮಾನಿಸಿಲ್ಲ ಎಂದವರು ಎಷ್ಟಿದ್ದರು ಎಂಬ ಸಾಲನ್ನು ಆಗ ಹೆಚ್ಚಿನವರು ಓದಿರಲಿಲ್ಲ.

ಅಂಕಿ ಅಂಶಗಳಿಲ್ಲದೆಯೂ ಜನಾಭಿಪ್ರಾಯವನ್ನು ಓದಲು ಎರಡು ದಾರಿಗಳಿವೆ. ಒಂದು ಉಂಗಾ, ಅಂದರೆ ಜೋಳದ ಹಿಟ್ಟು; ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳದ್ದು. ಬಹುತೇಕ ಮನೆಗಳಲ್ಲಿ ರಾತ್ರಿಯ ಉಗಾಲಿ ಇದರದ್ದೇ. ನೋಡಿದರೆ ನಮ್ಮ ಮುದ್ದೆಯ ನೆನಪಾಗುತ್ತದೆ. ಎರಡು ಕಿಲೋ ಪೊಟ್ಟಣದ ಬೆಲೆ ಇಲ್ಲಿ ರಾಜಕೀಯದ ಮಾತು. 2017ರ ಚುನಾವಣೆಗೆ ಮೊದಲು ಸರ್ಕಾರ ಸಹಾಯಧನ ಕೊಟ್ಟು ಅದನ್ನು 90 ಶಿಲ್ಲಿಂಗ್‌ಗೆ ಇಳಿಸಿತು. 2022ರಲ್ಲಿ ಬೆಲೆ 200 ದಾಟಿದಾಗ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಮತ್ತೆ 100 ಶಿಲ್ಲಿಂಗ್ ಎಂದು ಘೋಷಿಸಿತು. ಹೊಸ ಸರ್ಕಾರ ಬಂದ ಮೇಲೆ ಆ ಸಹಾಯಧನ ನಿಂತಿತು. ಹಿಟ್ಟಿನ ಬದಲು ರೈತನ ಗೊಬ್ಬರಕ್ಕೆ ಸಹಾಯ ಕೊಡುತ್ತೇವೆ ಎಂದು ಅದು ವಾದಿಸಿತು. ಹಳ್ಳಿಯಲ್ಲಿ ಹೊಲವಿರುವವರಿಗೂ ನೈರೋಬಿಯ ಬಾಡಿಗೆ ಮನೆಯಲ್ಲಿರುವವರಿಗೂ ಈ ಒಂದೇ ನೀತಿ ಎರಡು ಥರ ಕಂಡದ್ದು ಸಹಜ.

ಎರಡನೆಯದು ಇಂಧನ. ಇಂಧನ ನಿಯಂತ್ರಣ ಪ್ರಾಧಿಕಾರವಾದ ಎಪ್ರಾ ಪ್ರತಿ ತಿಂಗಳ 14ರಂದು ಹೊಸ ದರ ಪ್ರಕಟಿಸುತ್ತದೆ. ಮಧ್ಯರಾತ್ರಿ ಜಾರಿಯಾದ ದರ ಬೆಳಿಗ್ಗೆ ಮಟಾಟು ಎಂಬ ಖಾಸಗಿ ಮಿನಿಬಸ್ಸಿನ ಟಿಕೆಟ್ಟಿನಲ್ಲಿ, ಆಮೇಲೆ ತರಕಾರಿಯಲ್ಲಿ ಕಾಣಿಸುತ್ತದೆ. 2023ರಲ್ಲಿ ಇಂಧನದ ಮೇಲಿನ ಮೌಲ್ಯವರ್ಧಿತ ತೆರಿಗೆ ಶೇ 8ರಿಂದ 16ಕ್ಕೆ ಏರಿದಾಗ ಬಂದ ಸಿಟ್ಟು ಮುಂದಿನ ವರ್ಷಕ್ಕೂ ಹರಿಯಿತು.

ಮುಂದಿನ ವರ್ಷ ನಡೆದದ್ದನ್ನು ಪ್ರತಿಯೊಬ್ಬ ವಲಸಿಗನೂ ತಿಳಿದಿರಲೇಬೇಕು. ಇಲ್ಲಿನ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಸಂಸತ್ತಿಗೆ ಬರುವ ಹಣಕಾಸು ಮಸೂದೆಯಲ್ಲಿ ಆ ವರ್ಷದ ತೆರಿಗೆಗಳಿರುತ್ತವೆ. ಸಾರ್ವಜನಿಕರ ಅಭಿಪ್ರಾಯ ಕೇಳದೆ ಅದನ್ನು ಅಂಗೀಕರಿಸುವಂತಿಲ್ಲ. ಸಂವಿಧಾನದ 118ನೇ ವಿಧಿ ಸಂಸತ್ತಿನ ಮೇಲೆ ಆ ಹೊಣೆ ಹೊರಿಸಿದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಜನ ಮತ್ತು ಸಂಘಗಳು ಲಿಖಿತ ಮನವಿ ಸಲ್ಲಿಸುತ್ತವೆ, ಹಣಕಾಸು ಸಮಿತಿ ವಿಚಾರಣೆ ನಡೆಸುತ್ತದೆ. 2024ರ ಮಸೂದೆ ಸುಮಾರು 346 ಶತಕೋಟಿ ಶಿಲ್ಲಿಂಗ್ ಹೆಚ್ಚುವರಿ ಆದಾಯದ ಗುರಿ ಇಟ್ಟುಕೊಂಡಿತ್ತು. ಬ್ರೆಡ್ಡಿನ ಮೇಲೆ ಶೇ 16 ತೆರಿಗೆ, ವಾಹನಗಳ ಮೇಲೆ ಶೇ 2.5 ತೆರಿಗೆ ಅದರಲ್ಲಿದ್ದವು. ಯುವಜನರು ಮಸೂದೆಯನ್ನು ಕಲಂ ಕಲಮಾಗಿ ಓದಿ, ಸ್ವಾಹಿಲಿಯಲ್ಲೂ ತಮ್ಮ ತಾಯ್ನುಡಿಗಳಲ್ಲೂ ವಿವರಿಸಿ ಟಿಕ್‌ಟಾಕ್ ಮತ್ತು ಎಕ್ಸ್‌ನಲ್ಲಿ ಹಂಚಿದರು. ನಾಯಕರಿಲ್ಲದ ಚಳವಳಿ ಅದು. ಬ್ರೆಡ್ ಮತ್ತು ವಾಹನದ ತೆರಿಗೆಗಳನ್ನು ಕೈಬಿಡುವುದಾಗಿ ಸರ್ಕಾರ ಹೇಳಿದರೂ ಜೂನ್ 25ರಂದು 195–106 ಮತಗಳಿಂದ ಮಸೂದೆ ಅಂಗೀಕಾರವಾಯಿತು. ಅದೇ ದಿನ ಪ್ರತಿಭಟನಾಕಾರರು ಸಂಸತ್ತಿನೊಳಗೆ ನುಗ್ಗಿದರು, ಪೊಲೀಸರು ಗುಂಡು ಹಾರಿಸಿದರು. ಮರುದಿನ ಅಧ್ಯಕ್ಷರು ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಜುಲೈನಲ್ಲಿ ಸಂಪುಟವನ್ನು ಬಹುತೇಕ ಪೂರ್ತಿಯಾಗಿ ವಜಾ ಮಾಡಿದರು. ಆ ತಿಂಗಳುಗಳ ಪ್ರತಿಭಟನೆಗಳಲ್ಲಿ ಕನಿಷ್ಠ 60 ಮಂದಿ ಸತ್ತರೆಂದು ಕೀನ್ಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಲೆಕ್ಕ ಕೊಟ್ಟಿದೆ. ಅವರಲ್ಲಿ ಹಲವರು ಇಪ್ಪತ್ತರ ಆಸುಪಾಸಿನ ಮಕ್ಕಳು. ಈ ವಿಷಯ ಬಂದಾಗ ‘ಆ ಗಲಾಟೆ’ ಎಂದು ಹಗುರಾಗಿ ಮಾತನಾಡುವ ನಮ್ಮವರನ್ನು ಕಂಡರೆ ನನಗೆ ನೋವಾಗುತ್ತದೆ. ನಿಮ್ಮ ಕಚೇರಿಯಲ್ಲೇ ಯಾರೋ ಒಬ್ಬರ ತಮ್ಮ ಆ ಮೆರವಣಿಗೆಯಲ್ಲಿ ಇದ್ದಿರಬಹುದು.

ಅಭಿಪ್ರಾಯಕ್ಕೆ ಪ್ರದೇಶದ ಬಣ್ಣವೂ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ತಮ್ಮ ಕಡೆಯವರು ಅಧಿಕಾರದಲ್ಲಿದ್ದರೆ ಅದೇ ಬೆಲೆಯೇರಿಕೆ ಸ್ವಲ್ಪ ಸಹ್ಯವಾಗುತ್ತದೆ. ಆದರೆ ಈ ಬಣ್ಣ ಶಾಶ್ವತವಲ್ಲ. 2022ರಲ್ಲಿ ರುಟೊ ಅವರಿಗೆ ಭಾರಿ ಬೆಂಬಲ ಕೊಟ್ಟ ಮೌಂಟ್ ಕೀನ್ಯಾ ಪ್ರದೇಶ, ಅಲ್ಲಿನವರೇ ಆದ ಉಪಾಧ್ಯಕ್ಷ ರಿಗಾಥಿ ಗಚಾಗುವಾ ಅವರನ್ನು 2024ರ ಅಕ್ಟೋಬರ್‌ನಲ್ಲಿ ಸಂಸತ್ತು ಪದಚ್ಯುತಗೊಳಿಸಿದ ಮೇಲೆ ಮುನಿಸಿಕೊಂಡಿತು. ಒಡಿಂಗಾ ಅವರ ಪಕ್ಷದವರು ಸಂಪುಟ ಸೇರಿದ ಮೇಲೆ ಅವರ ತವರು ಪ್ರದೇಶವಾದ ನ್ಯಾಂಜಾ ಕಡೆಯ ಮಾತು ಮೃದುವಾಯಿತು. ಹೆಸರು ಕೇಳಿ ಊರು ಊಹಿಸಿ, ಊರು ನೋಡಿ ಅಭಿಪ್ರಾಯ ಊಹಿಸುವ ಚಟ ಮಾತ್ರ ಬೇಡ. 2007ರ ಡಿಸೆಂಬರ್ ಚುನಾವಣೆಯ ನಂತರದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ದೇಶ ಇದು. ‘ನೀವು ಯಾವ ಬುಡಕಟ್ಟಿನವರು’ ಎಂಬ ಪ್ರಶ್ನೆ ಇಲ್ಲಿ ಕುಶಲೋಪರಿಯಲ್ಲ.

ನಮ್ಮ ಪಾತ್ರವೇನು? ಮತ ಹಾಕುವ ಹಕ್ಕು ನಾಗರಿಕರದ್ದು. ಶಾಂತಿಯುತವಾಗಿ ಸಭೆ ಸೇರುವ ಹಕ್ಕು ಮತ್ತು ಸಂಸತ್ತಿಗೆ ಅರ್ಜಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 37 ಮತ್ತು 119ನೇ ವಿಧಿಗಳು ‘ಪ್ರತಿಯೊಬ್ಬ ವ್ಯಕ್ತಿಗೂ’ ಕೊಟ್ಟಿವೆ. ಹಾಗಿದ್ದರೂ ಪರವಾನಗಿ ಮೇಲಿರುವವರು ಮೆರವಣಿಗೆಯಿಂದ ದೂರವಿರುವುದೇ ಸರಿ ಎನ್ನುವುದು ನನ್ನ ಖಚಿತ ಸಲಹೆ. ಜೂನ್ 25 (2024ರ ಪ್ರತಿಭಟನೆಯ ನೆನಪಿನ ದಿನ) ಮತ್ತು ಜುಲೈ 7 (1990ರ ಪ್ರಜಾಪ್ರಭುತ್ವ ಹೋರಾಟದ ನೆನಪಿನ ‘ಸಬಾ ಸಬಾ’ ದಿನ) ಹತ್ತಿರವಾದಾಗ ಭಾರತೀಯ ಹೈಕಮಿಷನ್ನಿನ ಸೂಚನೆಗಳನ್ನು ನೋಡುತ್ತಿರಿ, ಪೇಟೆಯ ಕೆಲಸ ಮುಂದೂಡಿ. ತೆರಿಗೆಯ ಬಗ್ಗೆ ನಿಜವಾಗಿ ಹೇಳುವುದಿದ್ದರೆ ದಾರಿ ಬೇರೆ ಇದೆ. ಕೀನ್ಯಾ ಉತ್ಪಾದಕರ ಸಂಘ, ಖಾಸಗಿ ವಲಯದ ಒಕ್ಕೂಟವಾದ ಕೆಪ್ಸಾ ಪ್ರತಿ ವರ್ಷ ಮಸೂದೆಯ ಮೇಲೆ ಮನವಿ ಸಲ್ಲಿಸುತ್ತವೆ. ನಿಮ್ಮ ಕಂಪನಿ ಸದಸ್ಯನಾಗಿದ್ದರೆ ನಿಮ್ಮ ಮಾತು ಅಲ್ಲಿಗೆ ತಲುಪಬಹುದು. ಮನೆಗೆಲಸದವರನ್ನು, ಚಾಲಕರನ್ನು ಇಟ್ಟುಕೊಂಡಿದ್ದರೆ ಅವರ ಆರೋಗ್ಯ ವಿಮೆ, ಪಿಂಚಣಿ ಕಂತುಗಳನ್ನು ತಪ್ಪದೆ ಕಟ್ಟಿ. ನೀತಿ ಹೇಗಿದೆ ಎಂದು ಅವರು ಕೊಡುವ ಅಂಕದಲ್ಲಿ ನಿಮ್ಮ ಪಾಲೂ ಇರುತ್ತದೆ.

ಮುಂದಿನ ಸಾರ್ವತ್ರಿಕ ಚುನಾವಣೆ 2027ರ ಆಗಸ್ಟ್ 10ಕ್ಕೆ. ಪ್ರತಿ ಐದನೇ ವರ್ಷ ಆಗಸ್ಟ್ ತಿಂಗಳ ಎರಡನೇ ಮಂಗಳವಾರ ಎಂದು ಸಂವಿಧಾನವೇ ದಿನ ಗೊತ್ತುಮಾಡಿದೆ. ಅದು ಹತ್ತಿರವಾದಂತೆ ಸಮೀಕ್ಷೆಗಳ ಮಳೆ ಸುರಿಯುತ್ತದೆ. ಚುನಾವಣಾ ಸಮೀಕ್ಷೆ ಪ್ರಕಟಿಸುವವರು ಹಣ ಕೊಟ್ಟವರ ಹೆಸರು, ಉತ್ತರಿಸಿದವರ ಸಂಖ್ಯೆ, ಸಮೀಕ್ಷೆಯ ವಿಧಾನವನ್ನು ತಿಳಿಸಲೇಬೇಕೆಂದು 2012ರ ಕಾನೂನು ಹೇಳುತ್ತದೆ. ಮತದಾನಕ್ಕೆ ಮುಂಚಿನ ಐದು ದಿನ ಹೊಸ ಸಮೀಕ್ಷೆ ಪ್ರಕಟಿಸುವಂತೆಯೇ ಇಲ್ಲ. ಆ ಐದು ದಿನಗಳಲ್ಲಿ ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಿಗೆ ‘ಇದೀಗ ಬಂದ ಸಮೀಕ್ಷೆ’ ಎಂದು ಏನೇ ಬಂದರೂ ಇನ್ನೊಬ್ಬರಿಗೆ ಕಳುಹಿಸಬೇಡಿ.