ನಾಟಕದ ಫ್ಲಾಟ್: ಕೆಡುವುದು ಬಟ್ಟೆ ಎಳೆಯುವಾಗ

ಮರದ ಚೌಕಟ್ಟಿಗೆ ಬಟ್ಟೆ ಎಳೆದು ಮಾಡಿದ ರಂಗದ 'ಗೋಡೆ'ಯೇ ಫ್ಲಾಟ್. ರಂಗದ ಮೇಲೆ ಇಂಥ ಎರಡು ಗೋಡೆಗಳ ನಡುವಿನ ಸಂದಿಯಿಂದ ಹಿಂದಿನ ಲೈಟು ಇಣುಕುತ್ತಿದ್ದರೆ ಚೌಕಟ್ಟು ಬಾಗಿದೆ ಎಂದರ್ಥ. ಬೈಗುಳ ಬಡಗಿಗೆ ಬೀಳುತ್ತದೆ, ತಪ್ಪು ಸಾಮಾನ್ಯವಾಗಿ ಬಟ್ಟೆ ಎಳೆದವರದು.

8 ಅಡಿ ಎತ್ತರ, 4 ಅಡಿ ಅಗಲದ ಫ್ಲಾಟಿಗೆ 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಪೈನ್ ಪಟ್ಟಿ ಸಾಕು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೆ ನೀವೇ ಹೋಗಿ, ಒಂದೊಂದು ಪಟ್ಟಿಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿ. ಹಳೇ ಪ್ಯಾಕಿಂಗ್ ಮರ ಅಗ್ಗ, ಆದರೆ ಗಂಟಿರುವಲ್ಲೇ ಮುರಿಯುತ್ತದೆ, ಬೇಡ.

48 ಇಂಚಿನವು ಎರಡು, 90ರವು ಎರಡು, ನಡುಪಟ್ಟಿಗೆ 42ರದು ಒಂದು ಕತ್ತರಿಸಿ. 48ರವು ಮೇಲೆ, ಕೆಳಗೆ ಪೂರ್ತಿ ಅಗಲಕ್ಕೆ ಬರಬೇಕು. ಉದ್ದ ಪಟ್ಟಿಯ ತುದಿ ನೆಲಕ್ಕೆ ಬಂದರೆ ಫ್ಲಾಟ್ ಎಳೆದಾಡುವಾಗ ಸೀಳುತ್ತದೆ. ಎರಡೂ ಕರ್ಣ ಅಳೆಯಿರಿ: 107 ಇಂಚು ಚಿಲ್ಲರೆ, ಎರಡೂ ಒಂದೇ. ಆಮೇಲೆ ಮೂಲೆಗಳಿಗೆ 6 ಮಿ.ಮೀ. ಪ್ಲೈವುಡ್ ತ್ರಿಕೋನ, ಹೊರ ಅಂಚಿನಿಂದ ಮುಕ್ಕಾಲು ಇಂಚು ಒಳಗೆ. ಪಕ್ಕದ ಫ್ಲಾಟ್ ಅಡ್ಡಲಾಗಿ ಕೂರಲು ಆ ಜಾಗ ಬೇಕು. ಮೊಳೆ ಬಿಟ್ಟು ಸ್ಕ್ರೂ ಹಾಕಿ, ಮುಂದಿನ ನಾಟಕಕ್ಕೂ ಮರ ಉಳಿಯುತ್ತದೆ.

ಈಗ ಬಟ್ಟೆ. ಚಿಕ್ಕಪೇಟೆಯಲ್ಲಿ ಕೋರಾ ಬಟ್ಟೆ (ಬಿಳುಪು ಮಾಡದ ಹತ್ತಿ ಬಟ್ಟೆ) ಕೇಳಿ; ಪಾಲಿಯೆಸ್ಟರ್ ಬೆರೆತದ್ದು ಕುಗ್ಗುವುದಿಲ್ಲ, ಸುಕ್ಕು ಹಾಗೇ ಉಳಿಯುತ್ತದೆ. ಎಲ್ಲ ಬದಿಗೂ 3 ಇಂಚು ಹೆಚ್ಚಿರಲಿ. ಪ್ಲೈವುಡ್ ಕೆಳಗೆ ಬರುವಂತೆ ಚೌಕಟ್ಟು ಮಲಗಿಸಿ. ಉದ್ದ ಬದಿಯ ನಡುವೆ ಒಂದು ಸ್ಟೇಪಲ್ ಪಿನ್, ಎದುರು ಬದಿಯ ನಡುವೆ ಇನ್ನೊಂದು. ಅಲ್ಲಿಂದ ಮೂಲೆಗಳತ್ತ ನಾಲ್ಕು ನಾಲ್ಕು ಇಂಚಿಗೆ. ಪಿನ್ ಮರದ ಒಳ ಅಂಚಿಗೆ ಬೀಳಬೇಕು. ಹೊರಗಿನ ಬಟ್ಟೆಯನ್ನು ಆಮೇಲೆ ಫೆವಿಕಾಲ್‌ನಿಂದ ಮರಕ್ಕೆ ಅಂಟಿಸಿ, ಹೆಚ್ಚಾದದ್ದು ಕೊಯ್ಯಿರಿ. ನಡುಪಟ್ಟಿಗೆ ಮಾತ್ರ ಅಂಟಿಸಬೇಡಿ, ಗೆರೆ ಮೂಡುತ್ತದೆ.

ಬಿಗಿ ಎಷ್ಟು? ತಮಟೆಯಂತೆ ಎಳೆಯುವುದೇ ದೊಡ್ಡ ತಪ್ಪು. ಒದ್ದೆಯಾದ ಕೋರಾ ಕುಗ್ಗಿ, ಉದ್ದ ಪಟ್ಟಿಗಳನ್ನು ಒಳಕ್ಕೆ ಜಗ್ಗುತ್ತದೆ. ಬಟ್ಟೆ ನಡುವಲ್ಲಿ ಜೋತು, ನೆಲಕ್ಕೆ ತಾಗಿಯೂ ತಾಗದಂತಿರಲಿ. ಒಂದು ಪಾಲು ಫೆವಿಕಾಲ್‌ಗೆ ನಾಲ್ಕು ಪಾಲು ನೀರು ಕಲಸಿ ಬಳಿದು, ರಾತ್ರಿಯಿಡೀ ಒಣಗಿಸಿದರೆ ಸುಕ್ಕು ತಾನಾಗಿ ಹೋಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಕೊಡಿ.

ಬಣ್ಣಕ್ಕೆ ಡಿಸ್ಟೆಂಪರ್. ಆಯಿಲ್ ಪೇಂಟ್ ಲೈಟಿಗೆ ಹೊಳೆಯುತ್ತದೆ. ನಿಲ್ಲಿಸಲು ಹಿಂದೆ ತ್ರಿಕೋನದ ಆಸರೆ, ಅದರ ಮೇಲೆ ಮರಳಿನ ಚೀಲ. ನೆಲಕ್ಕೆ ಸ್ಕ್ರೂ ಹಾಕುವ ಮುನ್ನ ರಂಗಮಂದಿರದವರನ್ನು ಕೇಳಿ. ಟಾಟಾ ಏಸ್‌ನಲ್ಲಿ ಸಾಗಿಸುವಾಗ 8 ಅಡಿಯ ಫ್ಲಾಟ್ ಹಿಂದಕ್ಕೆ ಚಾಚುತ್ತದೆ. ಬಣ್ಣದ ಮುಖಗಳನ್ನು ಎದುರುಬದುರು ಇಟ್ಟು, ನಡುವೆ ಹಳೇ ಬೆಡ್‌ಶೀಟ್ ಹಾಕಿ ಕಟ್ಟಿ.