ಬೋಟು ನಿಂತ ಎರಡು ತಿಂಗಳು, ನಮ್ಮ ಫುಟ್‌ಬಾಲ್ ಲೀಗ್

"ಮಳೆಗಾಲದಲ್ಲಿ ಲೀಗಾ? ಎಂತ ಮಾರಾಯ, ಯಾರು ಬರ್ತಾರೆ?" ಎಂದವರೇ ಈಗ ನಮ್ಮ ಟೀಮನ್ನೂ ಸೇರಿಸಿ ಎಂದು ಫೋನ್ ಮಾಡುತ್ತಿದ್ದಾರೆ. ಮೂರನೇ ವರ್ಷಕ್ಕೆ ಲೀಗ್ ಪೂರ್ತಿ ನಡೆಯಿತು. ಆರು ತಂಡ, ಹದಿನೈದು ಮ್ಯಾಚು, ಎದುರು ತಂಡ ಬಾರದೆ ಸಿಗುವ ವಾಕ್‌ಓವರ್ ಒಂದೂ ಇಲ್ಲ.

ಮಂಗಳೂರಲ್ಲಿ ಪಂದ್ಯಾಟ ಅಂದರೆ ಹೊನಲು ಬೆಳಕು, ಸ್ಟೇಜು, ಮೈಕು, ಎರಡು ರಾತ್ರಿಯ ಗಮ್ಮತ್ತು. ಲಕ್ಷ ರೂಪಾಯಿ ಒಂದೇ ತಂಡದ ಪಾಲು. ಮೊದಲ ಮ್ಯಾಚಲ್ಲೇ ಸೋತ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ಅವನನ್ನು ಎರಡನೇ ಸಲ ನೋಡುವವರಿಲ್ಲ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಎಲ್ಲರೂ ಸ್ಟೇಟಸ್ ಹಾಕಿದರು, ಅಲ್ವಾ? ಬೆಂಗಳೂರಲ್ಲಿ ಡಿವಿಷನ್ ಲೀಗ್ ಇರುವುದಕ್ಕೇ ಅಂಥ ತಂಡ ಕಟ್ಟಲಿಕ್ಕೆ ಆಗುವುದು. ನಮ್ಮ ಹುಡುಗರಿಗೂ ಬೇಕಾದದ್ದು ವಾರ ವಾರ ಆಟ, ಕೈಗೆ ನಾಲ್ಕು ಕಾಸು.

ಅದಕ್ಕೆ ಜೂನ್ 1ರಿಂದ ಜುಲೈ 31 ಹಿಡಿದೆ. ಮೀನು ಹಿಡಿಯುವ ಟ್ರಾಲ್ ಬೋಟಿಗೆ ಆಗ ರಜೆ. ಬೆಂಗ್ರೆ, ಉಳ್ಳಾಲ ಕಡೆಯ ಎಷ್ಟೋ ಒಳ್ಳೆಯ ಆಟಗಾರರು ಬೋಟಿಗೋ ದಕ್ಕೆ (ಮೀನು ಇಳಿಸುವ ಕಟ್ಟೆ) ಕೆಲಸಕ್ಕೋ ಹೋಗುವವರು. ಬೇರೆ ದಿನ ಕೈಗೆ ಸಿಗುವುದಿಲ್ಲ. ಮಲಬಾರಿನ ಸೆವೆನ್ಸ್ (ತಂಡಕ್ಕೆ ಏಳೇ ಜನರ ಫುಟ್‌ಬಾಲ್) ಸೀಸನ್ನೂ ಮಳೆಗೆ ಮೊದಲೇ ಮುಗಿದಿರುತ್ತದೆ. ಹುಡುಗರು ಖಾಲಿ, ಕಿಸೆಯೂ ಖಾಲಿ.

ಮೊದಲ ವರ್ಷ ಐವತ್ತು ಸಾವಿರ ಕೊಡ್ತೇನೆ ಎಂದ ಒಬ್ಬರು ಸರಿಯಾಗಿ ಮೇ ಕೊನೆಗೆ ಫೋನ್ ಎತ್ತುವುದು ನಿಲ್ಲಿಸಿದರು. ಅರ್ಧಕ್ಕೇ ಲೀಗ್ ನಿಂತಿತು. ಎರಡನೇ ವರ್ಷ ಹಣ ಇತ್ತು, ಮ್ಯಾನೇಜರುಗಳ ಕೈಗೆ ಕೊಟ್ಟೆವು. ಜೆರ್ಸಿ, ಊಟ, ರಿಕ್ಷಾ ಎಂದು ಕಳೆದು ಹುಡುಗರಿಗೆ ಮುಟ್ಟಿದ್ದು ನೂರು ರೂಪಾಯಿ. ಮೂರನೇ ವಾರಕ್ಕೆ ಎಂಟೇ ಜನ ಬಂದರು.

ಈ ಸಲ ಬಹುಮಾನದ ಹಣವೇ ಇಲ್ಲ. ಗೆದ್ದವರಿಗೆ ಕಪ್ ಮಾತ್ರ. ಆ ದುಡ್ಡೆಲ್ಲ ಮ್ಯಾಚ್ ಫೀಸಿಗೆ. ತಂಡಕ್ಕೆ ಹದಿನಾಲ್ಕು ಜನ, ತಲೆಗೆ ಮುನ್ನೂರು. ಕೊನೆಯ ವಿಸಿಲ್ ಆದ ಕೂಡಲೇ ಗೆರೆಯ ಹತ್ತಿರ ನಿಂತು ಒಬ್ಬೊಬ್ಬರ ಕೈಗೇ ಕೊಟ್ಟೆ. ಮೊದಲ ಭಾನುವಾರ ಪೇಪರ್ ಕವರು ನೆನೆದು ನೋಟುಗಳು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹೆಸರು ಬರೆದು ಕೊಟ್ಟೆ. ಕೆಸರು ಕೈಯಲ್ಲೇ ತೆಗೆದುಕೊಂಡು ಸಾಕ್ಸಿಗೆ ತುರುಕುತ್ತಿದ್ದರು. ಮುಂದಿನ ವಾರ ಎಲ್ಲರೂ ಹಾಜರ್.

ಫೀಸಿಗೇ ಒಂದೂಕಾಲು ಲಕ್ಷ ಹೋಯಿತು. ರೆಫ್ರಿಗಳಿಗೆ ಮೂವತ್ತು ಸಾವಿರ. ಚೆಂಡು, ಆಂಬುಲೆನ್ಸ್, ಚಿಲ್ಲರೆ ಸೇರಿ ಇನ್ನೊಂದು ಮೂವತ್ತು. ತಂಡಗಳಿಂದ ಹತ್ತತ್ತು ಸಾವಿರ ಬಂತು. ಬಂದರಿನ ಸುಮಾರು ಇಪ್ಪತ್ತು ಅಂಗಡಿಯವರು ಐದೈದು ಸಾವಿರ ಕೊಟ್ಟರು. ಚರುಂಬುರಿ, ಗೋಳಿಬಜೆ ಸ್ಟಾಲಿನವರಿಂದ ಒಂದಿಷ್ಟು. ಹದಿನೈದು ಸಾವಿರದಷ್ಟು ನನ್ನ ಕೈಯಿಂದ ಹೋಯಿತು. ಅಂಗಡಿಯವರ ಹತ್ತಿರ ಯಾವಾಗ ಹೋಗಬೇಕು, ಮೊದಲು ಯಾರನ್ನು ಕೇಳಬೇಕು ಎನ್ನುವುದು ನನ್ನಲ್ಲೇ ಇರಲಿ.

ಮೈದಾನದ ಬಗ್ಗೆ ಹೇಳಲೇಬೇಕು. ಕೆಂಪು ಮಣ್ಣಿನಲ್ಲಿ ಒಂದು ಮಳೆಗೇ ಗೋಲಿನ ಬಾಯಿ ಕೆರೆಯಾಗುತ್ತದೆ. ಹೊಳೆ ದಾಟಿ ಹೊಯ್ಗೆ (ಮರಳು) ನೆಲಕ್ಕೆ ಹೋದೆವು. ಎಂಥ ಮಳೆ ಬಂದರೂ ಅರ್ಧ ಗಂಟೆಯಲ್ಲಿ ನೀರು ಇಂಗುತ್ತದೆ. ಗೆರೆಗೆ ಸುಣ್ಣ ನಿಲ್ಲಲಿಲ್ಲ, ಕಣ್ಣಿಗೂ ಅಪಾಯ. ಮಾರ್ಬಲ್ ಪುಡಿ ಮೊದಲ ಹಾಫಿಗೇ ತೊಳೆದುಹೋಯಿತು. ಕೊನೆಗೆ ಬೀಚ್ ವಾಲಿಬಾಲಿನ ಪಟ್ಟಿ ಹಾಸಿ ಮೊಳೆ ಹೊಡೆದೆವು. ಸೈಡ್ ಲೈನಿಗೆ ಸಾಕು, ಪೆನಾಲ್ಟಿ ಬಾಕ್ಸಿಗೆ ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ. ಬಾಕ್ಸಿಗೆ ಈಗ ಬೇರೊಂದು ಉಪಾಯ ನೋಡುತ್ತಿದ್ದೇನೆ, ಸರಿಯಾದರೆ ಹೇಳ್ತೇನೆ.

ಆರೇ ತಂಡ ಯಾಕೆ ಎಂದು ಕೇಳುತ್ತಾರೆ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಿದರೆ ಐದು ಭಾನುವಾರ, ದಿನಕ್ಕೆ ಮೂರು ಮ್ಯಾಚು. ಉಳಿದ ಮೂರು ನಾಲ್ಕು ಭಾನುವಾರ ರೆಡ್ ಅಲರ್ಟಿಗೆ ಮೀಸಲು. ಎರಡು ಸಲ ಅದು ಬೇಕಾಗಿಯೇ ಬಂತು.

ನಮ್ಮ ಲೆಫ್ಟ್ ಬ್ಯಾಕ್ ಒಬ್ಬ, ಎಸಿ ರಿಪೇರಿ ಹುಡುಗ, ಈಗ ಬೆಂಗಳೂರಿನ ಡಿವಿಷನ್ ತಂಡವೊಂದರ ಟ್ರಯಲ್ಸಿಗೆ ಹೋಗಿದ್ದಾನೆ. ಕರೆದವರು ಅವನ ಐದೂ ಮ್ಯಾಚಿನ ವಿಡಿಯೋ ಕೇಳಿದ್ದರು. ಸೋತ ಕೂಡಲೇ ಮನೆಗೆ ಹೋಗುವ ನಾಕೌಟಲ್ಲಿ ಐದು ಮ್ಯಾಚು ಎಲ್ಲಿಂದ ತರುವುದು?

ಮಲ್ಪೆಯವರು ಮುಂದಿನ ಸಲ ತಂಡ ಕಳಿಸ್ತೇವೆ ಎಂದಿದ್ದಾರೆ. ಬರಲಿ. ಆದರೆ ಹತ್ತು ಸಾವಿರ ಮೇ ಹದಿನೈದರೊಳಗೆ ಕೈಗೆ ಬರಬೇಕು, ಅದರಲ್ಲಿ ರಿಯಾಯಿತಿ ಇಲ್ಲ.