ತಳಮಳಕ್ಕೊಂದು ನಕ್ಷೆ: ಟ್ವೈನ್‌ನಲ್ಲಿ ಭಾವವೊಂದನ್ನು ಕಟ್ಟುವ ಬಗೆ

ಮಗಳು ಕೊನೇ ಬಸ್ಸಿಗೆ ಬರಬೇಕು. ಹೊರಗೆ ಆಷಾಢದ ಮಳೆ, ಕರೆಂಟಿಲ್ಲ, ಒಂಬತ್ತು ದಾಟಿದರೂ ಗೇಟಿನ ಸದ್ದಿಲ್ಲ. ತಾಯಿ ಜಗಲಿಗೆ ಬರುತ್ತಾಳೆ, ಫೋನ್ ನೋಡುತ್ತಾಳೆ, ಸಾರು ಬಿಸಿಗಿಡುತ್ತಾಳೆ, ಮತ್ತೆ ಜಗಲಿಗೆ ಬರುತ್ತಾಳೆ. ಸಾಲಾಗಿ ಹೇಳಿದರೆ ಇಷ್ಟಕ್ಕೇ ಮುಗಿಯಿತು. ಆದರೆ ಕಾಯುವವರ ಮನಸ್ಸು ಸಾಲಾಗಿ ನಡೆಯುವುದಿಲ್ಲ, ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಆ ಸುತ್ತಾಟವನ್ನು ಓದುಗರ ಬೆರಳಿಗೇ ಒಪ್ಪಿಸುವ, ಐದಾರು ನಿಮಿಷದ ಕ್ಲಿಕ್ಕಿಸಿ ಓದುವ ಕಥೆಯೊಂದನ್ನು ಮಾಡುವ ವಿಧಾನ ಇಲ್ಲಿದೆ. ಭಾವ ಲಿಂಕ್‌ಗಳ ಜೋಡಣೆಯಲ್ಲಿ ಇರಬೇಕು, ವಿಶೇಷಣಗಳಲ್ಲಿ ಅಲ್ಲ. ಕೆಳಗಿನ ಪ್ರತಿ ಹಂತವೂ ಇದಕ್ಕಾಗಿಯೇ.

ಉಪಕರಣ ಟ್ವೈನ್. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಉಚಿತ, ಮುಕ್ತ ತಂತ್ರಾಂಶ ಇದು. ಕೊನೆಗೆ ಸಿಗುವುದು ಒಂದೇ ಒಂದು ಎಚ್‌ಟಿಎಂಎಲ್ ಫೈಲು. ಅದು ಬ್ರೌಸರ್‌ನಲ್ಲಿ ತೆರೆಯುವುದರಿಂದ ಕನ್ನಡದ ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿ ಕೂರುತ್ತವೆ. ಗೇಮ್ ಮಾಡುವ ಹಲವು ಸಣ್ಣ ಉಪಕರಣಗಳಲ್ಲಿ ‘ತ್ತ’ ಒಡೆದು ಎರಡು ತುಂಡಾಗುತ್ತದೆ, ಹಾಗಾಗಿ ಮೊದಲ ಪ್ರಯತ್ನಕ್ಕೆ ಅವುಗಳ ಸಹವಾಸ ಬೇಡ. ಇದರ ಜೊತೆಗೆ ಧ್ವನಿ ಕತ್ತರಿಸಿ ತಿದ್ದುವ ಆಡಾಸಿಟಿ ಎಂಬ ತಂತ್ರಾಂಶ, ಧ್ವನಿ ಹಿಡಿಯಲು ಮೊಬೈಲು, ಒಂದು ಇಯರ್‌ಫೋನ್, ಇಪ್ಪತ್ತು ಕಾಗದದ ಚೀಟಿ ಇದ್ದರೆ ಸಾಕು.

ಮೊದಲು ಕಾಗದ

‘ದುಃಖ’, ‘ಪ್ರೀತಿ’ ಎಂದು ಆರಿಸಿಕೊಂಡರೆ ಕೆಲಸ ಸಾಗುವುದಿಲ್ಲ, ಹಿಡಿಯಲು ತುದಿಯೇ ಸಿಗದು. ಒಂದು ಜಾಗ, ಒಂದು ಹೊತ್ತು, ಒಬ್ಬ ವ್ಯಕ್ತಿ ಸಿಗುವ ತನಕ ಭಾವವನ್ನು ಕಿರಿದು ಮಾಡುತ್ತ ಹೋಗಿ. ‘ರಾತ್ರಿ ಒಂಬತ್ತರಿಂದ ಹತ್ತರ ತನಕ ಮಗಳಿಗಾಗಿ ಕಾಯುವ ತಾಯಿಯ ತಳಮಳ’ ಎಂಬಷ್ಟು ಕಿರಿದಾದರೆ ಚೀಟಿ ಬರೆಯಲು ಕೂರಬಹುದು.

ಇಲ್ಲಿ ನಾಟ್ಯಶಾಸ್ತ್ರದ ವಿಂಗಡಣೆಯಷ್ಟು ಕೈಗೆ ಒದಗುವ ಸಲಕರಣೆ ಬೇರೆ ಇಲ್ಲ. ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸ ಉಂಟಾಗುತ್ತದೆ ಎಂದು ಭರತ ಆರನೇ ಅಧ್ಯಾಯದಲ್ಲಿ ಹೇಳಿದ್ದು ರಂಗಭೂಮಿಗೆ. ಲಿಂಕ್‌ಗಳ ಕಥೆಗೂ ಅದು ಹಾಗೇ ಹೊಂದುತ್ತದೆ. ಕಾಗದದಲ್ಲಿ ಮೂರು ಕಂಬಸಾಲು ಎಳೆಯಿರಿ.

ಮೊದಲ ಸಾಲು ವಿಭಾವ, ಎಂದರೆ ಭಾವಕ್ಕೆ ಕಾರಣವಾಗುವುದು. ಆಲಂಬನ, ಎಂದರೆ ಭಾವ ಯಾರ ಸುತ್ತ ಹುಟ್ಟುತ್ತದೋ ಅವರು, ಇಲ್ಲಿ ಮಗಳು. ಉದ್ದೀಪನ, ಎಂದರೆ ಅದನ್ನು ಕೆರಳಿಸುವಂಥದ್ದು, ಮಳೆ, ಕತ್ತಲೆ, ಮನೆಯಲ್ಲೇ ಮರೆತುಹೋದ ಅವಳ ಕೊಡೆ. ಇವು ಕಥೆಯಲ್ಲಿ ವಸ್ತುಗಳಾಗಿ, ಸದ್ದುಗಳಾಗಿ ಬರುತ್ತವೆ. ಎರಡನೆಯದು ಅನುಭಾವ, ಎಂದರೆ ಮೈ ಮಾಡುವ ಕೆಲಸ: ಗೇಟಿನ ಚಿಲಕ ತೆಗೆದು ಹಾಕುವುದು, ತಟ್ಟೆಯ ಮುಚ್ಚಳ ಸರಿಮಾಡುವುದು, ಫೋನ್ ತಿರುವಿಡುವುದು. ಇವೇ ನಿಮ್ಮ ಲಿಂಕ್‌ಗಳು. ಮೂರನೆಯದು ಬಂದು ಹೋಗುವ ವ್ಯಭಿಚಾರಿಗಳು. ಭರತ ಎಣಿಸುವ 33ರಲ್ಲಿ ಶಂಕೆ, ಚಿಂತೆ, ಸ್ಮೃತಿ, ವಿತರ್ಕ, ಔತ್ಸುಕ್ಯ ಐದು ಈ ಕಥೆಗೆ ಸಾಕು. ಒಂದೇ ವಸ್ತುವಿನ ಬಳಿ ಓದುಗರು ಎರಡನೇ ಸಲ, ಮೂರನೇ ಸಲ ಬಂದಾಗ ಬದಲಾಗುವ ಮಾತುಗಳಲ್ಲಿ ಇವು ಇರಬೇಕು. ಇನ್ನು ಸ್ಥಾಯಿ, ಅಂದರೆ ಉದ್ದಕ್ಕೂ ನಿಲ್ಲುವ ಭಾವ, ಇಲ್ಲಿ ಭಯ. ಆ ಶಬ್ದ ಇಡೀ ಕಥೆಯಲ್ಲಿ ಒಮ್ಮೆಯೂ ಬರಕೂಡದು. ಬರೆದು ಮುಗಿದ ಮೇಲೆ ‘ಭಯ’, ‘ಆತಂಕ’, ‘ಗಾಬರಿ’ ಮೂರನ್ನೂ ಹುಡುಕಿ ಅಳಿಸಿ.

ಈಗ ಒಂದೊಂದು ಚೀಟಿಗೆ ಒಂದೊಂದು ತಾಣ ಬರೆಯಿರಿ: ಜಗಲಿ, ಗೇಟು, ಫೋನು, ಗೋಡೆ ಗಡಿಯಾರ, ಅಡುಗೆಮನೆ, ಮುಚ್ಚಿಟ್ಟ ತಟ್ಟೆ, ಕೊಡೆ, ಪಕ್ಕದ ಮನೆಯ ದೀಪ, ನಾಯಿ. ಆರಂಭ ಮತ್ತು ಕೊನೆ ಸೇರಿ ಹನ್ನೊಂದಾಯಿತು. ಹದಿನೈದು ದಾಟಿಸಬೇಡಿ. ಚೀಟಿಗಳನ್ನು ನೆಲದಲ್ಲಿ ಹರವಿ ನೂಲು ಎಳೆದು ನೋಡಿ. ನಕ್ಷೆ ಮರದಂತೆ ಕವಲೊಡೆಯುತ್ತಿದ್ದರೆ ದಾರಿ ತಪ್ಪಿದೆ ಎಂದರ್ಥ. ಕವಲು ಎಂದರೆ ಆಯ್ಕೆ, ಕಾಯುವವರಿಗೆ ಇಲ್ಲದ್ದೇ ಅದು. ಎಲ್ಲ ನೂಲೂ ಜಗಲಿಗೆ ಮರಳಬೇಕು, ಪ್ರತಿ ತಾಣದಿಂದಲೂ ಒಂದು ನೂಲು ಫೋನಿಗೆ ಹೋಗಬೇಕು. ಫೋನಿನಿಂದ ಹೊರಡುವ ನೂಲು ಮಾತ್ರ ಒಂದೇ, ಜಗಲಿಗೆ.

ಟ್ವೈನ್‌ನಲ್ಲಿ

ಹೊಸ ಕಥೆ ತೆರೆದ ತಕ್ಷಣ ಸ್ಟೋರಿ ಮೆನುವಿನ ಡೀಟೇಲ್ಸ್‌ನಲ್ಲಿ ಫಾರ್ಮ್ಯಾಟ್ ಅನ್ನು, ಎಂದರೆ ಕಥೆಯನ್ನು ನಡೆಸುವ ಆಜ್ಞೆಗಳ ಕಟ್ಟನ್ನು, ಹಾರ್ಲೋದಿಂದ ಶುಗರ್‌ಕ್ಯೂಬ್‌ಗೆ ಬದಲಿಸಿ. ಧ್ವನಿಗೆ ಬೇಕಾದ ಸವಲತ್ತು ಅದರಲ್ಲಿ ಒಳಗೇ ಇದೆ. ಅರ್ಧ ಬರೆದ ಮೇಲೆ ಬದಲಿಸಿದರೆ ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವಾಗದೆ ಎಲ್ಲ ಹೊಸದಾಗಿ ಬರೆಯಬೇಕಾಗುತ್ತದೆ.

ಲಿಂಕ್ ಹೀಗೆ: [[ಗೇಟಿನ ತನಕ ಹೋಗಿ ಬಂದೆ->ಗೇಟು]]. ಬಾಣದ ಎಡಕ್ಕೆ ಓದುಗರಿಗೆ ಕಾಣುವುದು, ಬಲಕ್ಕೆ ಪ್ಯಾಸೇಜಿನ ಹೆಸರು (ಕಾಗದದ ಒಂದು ಚೀಟಿಗೆ ಟ್ವೈನ್‌ನಲ್ಲಿ ಒಂದು ಪ್ಯಾಸೇಜು). ಈ ಹೆಸರುಗಳಲ್ಲಿ ಕನ್ನಡದ್ದೇ ಒಂದು ತೊಡಕಿದೆ. ‘ಫೋನ್‌ನಲ್ಲಿ’ ಎಂದು ಬರೆಯುವಾಗ ನಕಾರಗಳು ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಲಿಂಕ್‌ನಲ್ಲಿ ಅದಿದ್ದು ಪ್ಯಾಸೇಜಿನ ಹೆಸರಲ್ಲಿ ಇಲ್ಲದಿದ್ದರೆ ಟ್ವೈನ್‌ಗೆ ಅವೆರಡೂ ಬೇರೆ ಬೇರೆ, ಲಿಂಕ್ ಮುರಿಯುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುವುದರಿಂದ ಗಂಟೆಗಟ್ಟಲೆ ಹುಡುಕಿದರೂ ತಪ್ಪು ಸಿಗುವುದಿಲ್ಲ. ಆದ್ದರಿಂದ ಹೆಸರುಗಳು ‘ಗೇಟು’, ‘ಫೋನು’, ‘ಕೊಡೆ’ ಎಂಬಂತೆ ಸ್ವರದಲ್ಲಿ ಮುಗಿಯುವ ಪುಟ್ಟ ಪದಗಳಾಗಿರಲಿ. ವೇರಿಯಬಲ್‌ಗಳ (ಕಥೆ ನಡೆಯುವಾಗ ಬದಲಾಗುವ ಲೆಕ್ಕವನ್ನು ಹಿಡಿದಿಡುವ ಗುರುತುಗಳ) ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಶುಗರ್‌ಕ್ಯೂಬ್ ಕನ್ನಡದ ಹೆಸರನ್ನು ಒಪ್ಪುವುದಿಲ್ಲ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ್ದನ್ನು ತಂದು ಅಂಟಿಸಿದರೆ ಕಲಸುಮೇಲೋಗರವಾಗುತ್ತದೆ, ಯೂನಿಕೋಡ್‌ಗೆ ಪರಿವರ್ತಿಸಿಯೇ ತನ್ನಿ.

ಪಠ್ಯದ ರೂಪ ಹೇಳುವ ಸ್ಟೈಲ್‌ಶೀಟ್‌ನಲ್ಲಿ ಸಾಲಿನ ಎತ್ತರ 1.8 ಇಡಿ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತುಗಳು ಕೆಳಸಾಲಿಗೆ ತಾಗುತ್ತವೆ. ಫಾಂಟ್ ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ, ಗಾತ್ರ ಮೊಬೈಲಿನಲ್ಲಿ 20 ಪಿಕ್ಸೆಲ್‌ಗೆ ಕಡಿಮೆಯಾಗದಿರಲಿ.

ಮುಂದಿನದು ಎಡಬದಿಯ ಪಟ್ಟಿ ಮತ್ತು ಹಿಂದಕ್ಕೆ ಹೋಗುವ ಬಾಣ. ಇವನ್ನು ತೆಗೆಯಲೇಬೇಕು. ಕಳೆದ ಹೊತ್ತನ್ನು ಬೆರಳಿಂದ ವಾಪಸ್ ಪಡೆಯಬಹುದು ಎಂದಾದರೆ ಅದು ಕಾಯುವುದಾಗಲಿಲ್ಲ. ಜಾವಾಸ್ಕ್ರಿಪ್ಟ್ ಪುಟದಲ್ಲಿ ಕಾನ್ಫಿಗ್ ಹಿಸ್ಟರಿಯ ಕಂಟ್ರೋಲ್ಸ್ ಅನ್ನು ಫಾಲ್ಸ್ ಮಾಡಿ, ಮ್ಯಾಕ್ಸ್‌ಸ್ಟೇಟ್ಸ್ ಅನ್ನು 1ಕ್ಕೆ ಇಳಿಸಿ, ಯುಐಬಾರ್‌ಗೆ ಡೆಸ್ಟ್ರಾಯ್ ಕೊಡಿ.

ಫೋನಿನ ಪ್ಯಾಸೇಜು

ಇಡೀ ಕಥೆ ನಿಲ್ಲುವುದು ಈ ಒಂದು ತಾಣದ ಮೇಲೆ, ಅರ್ಧ ಸಮಯ ಇದಕ್ಕೇ ಕೊಡಿ. ಶುಗರ್‌ಕ್ಯೂಬ್‌ನ ‘ವಿಸಿಟೆಡ್’ ಎಂಬ ಫಂಕ್ಷನ್ ಓದುಗರು ಈ ಪ್ಯಾಸೇಜಿಗೆ ಎಷ್ಟನೇ ಸಲ ಬಂದಿದ್ದಾರೆ ಎಂದು ಹೇಳುತ್ತದೆ, ಮೊದಲ ಸಲಕ್ಕೇ ಅದರ ಉತ್ತರ 1. ಅದನ್ನು, ಅಂಕಿಗೆ ತಕ್ಕ ಮಾತು ಆರಿಸುವ ಸ್ವಿಚ್ ಆಜ್ಞೆಯೊಳಗೆ ಇಟ್ಟು ಕೇಸ್ 1, 2, 3, 4 ಬರೆದು, ಉಳಿದದ್ದಕ್ಕೆ ಡಿಫಾಲ್ಟ್ ಕೊಡಿ. ಮಾತುಗಳು ಹೀಗಿರಬಹುದು.

ಮೊದಲ ಸಲ: ‘“ಶಿವಮೊಗ್ಗ ಬಿಟ್ಟೆ ಅಮ್ಮಾ.” ಏಳೂ ಹತ್ತಕ್ಕೆ ಬಂದ ಮೆಸೇಜು. ಆಮೇಲೆ ಏನಿಲ್ಲ.’

ಎರಡನೇ ಸಲ: ‘ಏಳೂ ಹತ್ತು.’

ಮೂರನೇ ಸಲ: ‘ಬ್ಯಾಟರಿ ಮೂವತ್ತೊಂದು. ಬೆಳಕು ತಗ್ಗಿಸಿಟ್ಟೆ.’

ನಾಲ್ಕನೇ ಸಲ: ‘“ಅಮ್ಮಾ” ಅಂತ ದೀರ್ಘ ಹಾಕಿದ್ದಾಳೆ. ದಿನಾ ಹಾಕ್ತಾಳಾ?’

ಎರಡನೆಯದರಲ್ಲಿ ಮಾತು ಇದ್ದಕ್ಕಿದ್ದಂತೆ ಕುಗ್ಗಿದ್ದನ್ನು ಗಮನಿಸಿ. ಮತ್ತೆ ನೋಡುವ ಕಣ್ಣು ಬೇಕಾದ್ದನ್ನಷ್ಟೇ ಹೆಕ್ಕುತ್ತದೆ. ನಾಲ್ಕನೆಯದು ವಿತರ್ಕ: ಹೊಸ ಸುದ್ದಿ ಇಲ್ಲದಾಗ ಮನಸ್ಸು ಹಳೆಯ ಅಕ್ಷರವನ್ನೇ ಕೆದಕುತ್ತದೆ. ‘ಅವಳಿಗೆ ತುಂಬ ಕಸಿವಿಸಿಯಾಯಿತು’ ಎಂದು ಬರೆಯುವ ಆಸೆ ಬರುವುದು ಸರಿಯಾಗಿ ಇಲ್ಲೇ, ಬರೆಯಬೇಡಿ. ಡಿಫಾಲ್ಟ್‌ನಲ್ಲಿ ಮಾತೇ ಬೇಡ, ಜಗಲಿಗೆ ಮರಳುವ ಲಿಂಕ್ ಮಾತ್ರ ಇರಲಿ.

ಉಳಿದ ತಾಣಗಳಿಗೆ ಎರಡು ಅಥವಾ ಮೂರು ಪಾಠಾಂತರ ಸಾಕು, ಒಂದೊಂದೂ 40 ಪದದೊಳಗೆ. ಗಡಿಯಾರದಲ್ಲಿ ಅಂಕಿ ತೋರಿಸಬೇಡಿ: ನಿಮಿಷ ಹತ್ತಕ್ಕಿಂತ ಕಡಿಮೆಯಿದ್ದರೆ 9:05 ಇರಬೇಕಾದಲ್ಲಿ 9:5 ಎಂದು ಬೀಳುತ್ತದೆ. ‘ಒಂಬತ್ತೂ ಕಾಲು’, ‘ಒಂಬತ್ತೂವರೆ’, ‘ಒಂಬತ್ತೂ ಮುಕ್ಕಾಲು’, ‘ಹತ್ತಾಗ್ತಾ ಬಂತು’ ಎಂದು ಮಾತಿನಲ್ಲೇ ಬದಲಿಸಿ. ಮನೆಯಲ್ಲಿ ಹೊತ್ತು ಹೇಳುವುದೂ ಹಾಗೆಯೇ.

ಹೊತ್ತಿನ ಲೆಕ್ಕ

ಸ್ಟೋರಿಇನಿಟ್ ಎಂಬ ವಿಶೇಷ ಪ್ಯಾಸೇಜಿನಲ್ಲಿ (ಹೆಸರು ಇಂಗ್ಲಿಷಿನಲ್ಲೇ, ಎಸ್ ಮತ್ತು ಐ ದೊಡ್ಡಕ್ಷರ) ಕಾಲದ ವೇರಿಯಬಲ್ ಅನ್ನು 0ಗೆ ಇಡಿ. ಕಥೆ ಒಂಬತ್ತೂ ಐದಕ್ಕೆ ಶುರು, 55 ನಿಮಿಷಕ್ಕೆ ಮಗಳು ಬರುತ್ತಾಳೆ. ಒಂದೊಂದು ಭೇಟಿಗೂ ಕಾಲಕ್ಕೆ ಇಷ್ಟಿಷ್ಟು ಕೂಡಿ: ಫೋನಿಗೆ 1 ನಿಮಿಷ, ಗೇಟಿಗೆ 3, ಪಕ್ಕದ ಮನೆಗೆ 5, ಅಡುಗೆಮನೆಗೆ 6. ಜಗಲಿಗೆ ಮರಳುವುದಕ್ಕೆ ಏನೂ ಕೂಡಬೇಡಿ. ಹೀಗೆ ಸರಾಸರಿ ನಾಲ್ಕು ನಿಮಿಷ ಹಿಡಿದರೆ ಹದಿನಾಲ್ಕು ಭೇಟಿ, ವಾಪಸ್ ಕ್ಲಿಕ್ ಸೇರಿ ಇಪ್ಪತ್ತೆಂಟು. ಒಂದೊಂದಕ್ಕೆ ಹನ್ನೆರಡು ಸೆಕೆಂಡಾದರೆ ಐದೂವರೆ ನಿಮಿಷ ಚಿಲ್ಲರೆಯ ಓದು.

ಇಲ್ಲೊಂದು ತೂತಿದೆ. ಬರೀ ಫೋನನ್ನೇ ಒತ್ತುತ್ತ ಕೂತವರಿಗೆ 55 ಭೇಟಿ ಬೇಕಾಗುತ್ತದೆ, ಅಷ್ಟರಲ್ಲಿ ಮುಚ್ಚಿ ಹೋಗಿಬಿಡುತ್ತಾರೆ. ಐದನೇ ಭೇಟಿಯಿಂದ ಫೋನಿಗೂ 5 ನಿಮಿಷ ಮಾಡಿ. ಪರದೆ ನೋಡುತ್ತ ಕೂತರೆ ಹೊತ್ತು ಸರಿದದ್ದೇ ತಿಳಿಯದು ಎಂಬ ಮಾತೂ ಅದರಲ್ಲೇ ಬಂದಂತಾಗುತ್ತದೆ.

ಮಗಳು ಬಂದಳೇ ಎಂಬ ಪರೀಕ್ಷೆಯನ್ನು ಫೋನು ಮತ್ತು ಕೊನೆಯ ಪ್ಯಾಸೇಜು ಬಿಟ್ಟು ಉಳಿದೆಲ್ಲ ಪ್ಯಾಸೇಜುಗಳ ತಲೆಯಲ್ಲಿ ಇಡಿ: ಕಾಲ 55 ಮುಟ್ಟಿದ್ದರೆ ‘ಗೋಟು’ ಆಜ್ಞೆಯಿಂದ ಕೊನೆಯ ಪ್ಯಾಸೇಜಿಗೆ. ಫೋನಿನಲ್ಲಿ ಇಟ್ಟರೆ ಫೋನ್ ನೋಡಿದ್ದಕ್ಕೇ ಅವಳು ಬಂದಳು ಎಂಬಂತಾಗುತ್ತದೆ. ಓದುಗರು ಮಾಡಿದ ಯಾವುದರಿಂದಲೂ ಅವಳು ಬರಬಾರದು. ಗೋಟು ಬರೆದ ಮೇಲೂ ಕೆಳಗಿನ ಆಜ್ಞೆಗಳು ಓಡುತ್ತಲೇ ಇರುತ್ತವೆ, ನಿಮಿಷ ಕೂಡುವುದೂ ಸದ್ದು ಶುರುವಾಗುವುದೂ ನಡೆದುಹೋಗುತ್ತದೆ. ಆದ್ದರಿಂದ ಉಳಿದ ಪಠ್ಯವನ್ನೆಲ್ಲ ‘ಎಲ್ಸ್’ ಒಳಗೆ ಹಾಕಿ.

ಸದ್ದು

ಹೆಂಚಿನ ಮಾಡಿನ ಕೆಳಗೆ ಮೊಬೈಲ್ ಇಟ್ಟು ಮೂರು ನಿಮಿಷ ಮಳೆ ಹಿಡಿಯಿರಿ. ಹನಿ ನೇರ ಬೀಳುವ ಜಾಗದಿಂದ ಎರಡು ಮೀಟರ್ ದೂರವಿರಲಿ, ಇಲ್ಲವಾದರೆ ಮಳೆಗೆ ಬದಲು ಟಪಟಪ ಎಂಬ ಒಡಕು ಸದ್ದೇ ಸಿಗುತ್ತದೆ. ಆಡಾಸಿಟಿಯಲ್ಲಿ ಮಾನೊ ಮಾಡಿ, 96 ಕೆಬಿಪಿಎಸ್ ಎಂಪಿ3 ಆಗಿ ತೆಗೆಯಿರಿ. ನಿಮಿಷಕ್ಕೆ ಸುಮಾರು 720 ಕೆಬಿ ಆಗುತ್ತದೆ, ಹಳ್ಳಿಯ ನೆಟ್‌ವರ್ಕಿಗೂ ಭಾರವಲ್ಲ.

ಎಂಪಿ3 ಮತ್ತೆ ಮತ್ತೆ ಸುತ್ತುವಾಗ ಜೋಡಿನಲ್ಲಿ ಸಣ್ಣದೊಂದು ಮೌನ ಕೇಳುತ್ತದೆ, ಆ ಕ್ರಮವೇ ಹಾಗೆ. 41 ಸೆಕೆಂಡಿನದೊಂದು, 29 ಸೆಕೆಂಡಿನದೊಂದು ತುಣುಕು ಮಾಡಿ ಎರಡನ್ನೂ ಒಟ್ಟಿಗೆ ಸುತ್ತಿಸಿ. ಒಂದರ ಬಿರುಕನ್ನು ಇನ್ನೊಂದು ಮುಚ್ಚುತ್ತದೆ. ಫೈಲ್ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಜಾಗ ಬಿಡದೆ. ಟ್ವೈನ್‌ನೊಳಗೆ ಪ್ಲೇ ಒತ್ತಿದಾಗ ಸದ್ದು ಬರದಿದ್ದರೆ ಕಂಗಾಲಾಗಬೇಡಿ. ಬಿಲ್ಡ್ ಮೆನುವಿನಿಂದ ಪಬ್ಲಿಶ್ ಟು ಫೈಲ್ ಮಾಡಿ, ಆ ಫೈಲನ್ನು ಸದ್ದಿನ ಫೈಲುಗಳಿರುವ ಫೋಲ್ಡರಿನಲ್ಲಿಟ್ಟು ತೆರೆಯಿರಿ. ಬ್ರೌಸರ್‌ಗಳು ಮೊದಲ ಕ್ಲಿಕ್ಕಿನ ತನಕ ಧ್ವನಿಯನ್ನು ತಡೆಹಿಡಿಯುವುದರಿಂದ ಮೊದಲ ಪರದೆಯಲ್ಲಿ ‘ದೀಪ ಹಚ್ಚು’ ಎಂಬ ಒಂದೇ ಲಿಂಕ್ ಇಟ್ಟು, ಮಳೆ ಅದರ ನಂತರ ಶುರುವಾಗಲಿ.

ಮಳೆಯನ್ನು ಏರಿಸುತ್ತ ಹೋಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ತಿರುಗಿಸಿ ಮಾಡಿ. ನಲವತ್ತನೇ ನಿಮಿಷಕ್ಕೆ ಆರು ಸೆಕೆಂಡಿನಲ್ಲಿ ಮಳೆಯನ್ನು ಪೂರ್ತಿ ಇಳಿಸಿಬಿಡಿ. ಸದ್ದು ನಿಂತಾಗಲೇ ಕಿವಿ ರಸ್ತೆಗೆ ಹೋಗುತ್ತದೆ. ಆಗ ದೂರದಲ್ಲಿ ಗಾಡಿಯೊಂದು ಬಂದು, ನಿಲ್ಲದೆ ಮುಂದೆ ಹೋಗುವ ಎಂಟು ಸೆಕೆಂಡಿನ ಸದ್ದು ಒಮ್ಮೆ, ಒಮ್ಮೆ ಮಾತ್ರ. ಚಿತ್ರ ಬೇಕಿದ್ದರೆ ಒಂದೇ ಸಾಕು, ಮುಚ್ಚಿಟ್ಟ ತಟ್ಟೆಯದು, 200 ಕೆಬಿಯೊಳಗೆ.

ಅಕ್ಷರ ಅಕ್ಷರವಾಗಿ ಮೂಡುವ ಟೈಪ್‌ರೈಟರ್ ಪರಿಣಾಮ ಕನ್ನಡಕ್ಕೆ ಬೇಡ. ‘ಸ್ತ್ರೀ’ ಎಂಬ ಒಂದು ಅಕ್ಷರ ಸ, ಸ್, ಸ್ತ ಎಂದು ರೂಪ ಬದಲಿಸುತ್ತ ಬಂದು ಕಣ್ಣಿಗೆ ಹಿಂಸೆಯಾಗುತ್ತದೆ. ತಡಮಾಡಿ ತೋರಿಸಬೇಕಿದ್ದರೆ ‘ಟೈಮ್ಡ್’ ಆಜ್ಞೆಯಿಂದ ಇಡೀ ಸಾಲನ್ನೇ ನಾಲ್ಕು ಸೆಕೆಂಡ್ ಬಿಟ್ಟು ತೋರಿಸಿ. ಇದೂ ಇಡೀ ಕಥೆಯಲ್ಲಿ ಎರಡು ಸಲ ಸಾಕು.

ಕೊನೆ, ಪರೀಕ್ಷೆ, ಪ್ರಕಟಣೆ

ಕೊನೆಯ ಪ್ಯಾಸೇಜಿನಲ್ಲಿ ಅಪ್ಪುಗೆ, ಕಣ್ಣೀರು ಬೇಡ. ಗೇಟಿನ ಸದ್ದು, ಆಮೇಲೆ ಎರಡು ಮಾತು: ‘ಇಷ್ಟೊತ್ತು ಎಲ್ಲಿ ಸತ್ತಿದ್ದೆ?’ ಅದರ ಬೆನ್ನಿಗೇ ‘ಕೈಕಾಲು ತೊಳ್ಕೊಂಡು ಬಾ, ಸಾರು ಆರ್ತಾ ಇದೆ.’ ಒಂದು ಗಂಟೆ ಹೊಟ್ಟೆಯಲ್ಲಿಟ್ಟುಕೊಂಡದ್ದು ನಮ್ಮ ಮನೆಗಳಲ್ಲಿ ಹೊರಬರುವುದು ಬೈಗುಳವಾಗಿಯೇ. ಓದುಗರು ಎಷ್ಟು ಸಲ ಸಾರು ಬಿಸಿಮಾಡಿದ್ದಾರೆಂದು ನೋಡಿ, ಮೂರು ದಾಟಿದ್ದರೆ ‘ಸಾರು ಗಟ್ಟಿಯಾಗಿದೆ’ ಎಂದು ಬದಲಿಸಿ. ತಾವು ಮಾಡಿದ್ದಕ್ಕೆ ಸಿಕ್ಕ ಗುರುತು ಅದೊಂದೇ ಆಗಿರಲಿ.

ಬ್ರೌಸರಿನಲ್ಲೇ ಟ್ವೈನ್ ಬಳಸುವವರು ಪ್ರತಿದಿನ ಆರ್ಕೈವ್ ಇಳಿಸಿಕೊಳ್ಳಿ. ಕಥೆ ಇರುವುದು ಆ ಬ್ರೌಸರಿನ ಸಂಗ್ರಹದಲ್ಲಿ ಮಾತ್ರ, ಅದನ್ನು ತೊಳೆದರೆ ಕಥೆಯೂ ಹೋಯಿತು. ಮನೆಯವರ ನಿಜವಾದ ಮೆಸೇಜು, ದನಿ ಬಳಸುವುದಿದ್ದರೆ ಮೊದಲು ಅವರನ್ನು ಕೇಳಿ.

ಆಟ, ಕಥೆಗಳನ್ನು ಹಂಚಿಕೊಳ್ಳುವ ಇಚ್.ಐಒ ತಾಣಕ್ಕೆ ಏರಿಸಲು ಮುಖ್ಯ ಫೈಲಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದು ಹೆಸರಿಟ್ಟು, ಸದ್ದುಗಳ ಜೊತೆ ಜಿಪ್ ಮಾಡಿ, ಬ್ರೌಸರಿನಲ್ಲಿ ಆಡುವ ಫೈಲು ಎಂದು ಗುರುತು ಹಾಕಿ. ಅದಕ್ಕೂ ಮುಂಚೆ ಐದು ಜನಕ್ಕೆ ಅವರವರ ಮೊಬೈಲಿನಲ್ಲೇ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಿ. ‘ಹೇಗಿದೆ’ ಎಂದು ಕೇಳಬೇಡಿ, ಬೆರಳನ್ನು ನೋಡಿ. ಮಳೆ ನಿಂತ ಮೇಲೆ ಫೋನಿನ ಲಿಂಕ್ ಮೇಲೆ ಬೆರಳು ಹೋಗಿ, ಒತ್ತದೆ, ತಡೆದು ನಿಂತರೆ ಆ ಭಾಗವನ್ನು ಮುಟ್ಟಬೇಡಿ. ಪಟಪಟನೆ ಒತ್ತುತ್ತ ಹೋದರೆ ಎರಡನೇ ಭೇಟಿಯ ಮಾತುಗಳು ಉದ್ದವಾಗಿವೆ, ಅರ್ಧಕ್ಕೆ ಕತ್ತರಿಸಿ.